ಪಳಗಿದ ಮನ: ಹುಬ್ಬಳ್ಳಿ-ಧಾರವಾಡ ಪರಿಸರದ ಶಾಸ್ತ್ರಶ್ರವಣ ಮತ್ತು ತತ್ವಪದ ಪರಂಪರೆಯಲ್ಲಿ ಯೋಗ

1. ಪೀಠಿಕೆ

ಕರ್ನಾಟಕದಲ್ಲಿ ಯೋಗದ ಆಧುನಿಕ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೈಸೂರಿನಿಂದ ಆರಂಭಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ, ಅಲ್ಲಿ ಕಲಿತು ಹೊರಬಂದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸರ ಸಾಧನೆ, ಅವರ ಮೂಲಕ ಯೋಗವು ಪಡೆದ ಜಾಗತಿಕ ಪ್ರಸಾರ ಇವು ಆ ಚರಿತ್ರೆಯ ಮುಖ್ಯ ಘಟ್ಟಗಳು. ಈ ನಿರೂಪಣೆ ಸುಳ್ಳಲ್ಲ, ಆದರೆ ಅಪೂರ್ಣ. ಇದರಲ್ಲಿ ಯೋಗವೆಂದರೆ ಪ್ರಧಾನವಾಗಿ ದೇಹದ ಶಿಸ್ತು. ಮನಸ್ಸಿನ ಶಿಕ್ಷಣವನ್ನೇ ಯೋಗದ ತಿರುಳೆಂದು ಬಗೆದು, ಅದನ್ನು ಸಂಸ್ಕೃತವರಿಯದ, ಅಕ್ಷರವೂ ಅರಿಯದ ಜನಸಮುದಾಯಕ್ಕೆ ಕನ್ನಡದಲ್ಲಿ ಮುಟ್ಟಿಸಿದ ಇನ್ನೊಂದು ಧಾರೆ ಉತ್ತರ ಕರ್ನಾಟಕದಲ್ಲಿ ಅದಕ್ಕಿಂತ ಬಹಳ ಹಿಂದಿನಿಂದಲೇ ಹರಿದುಬಂದಿತ್ತು. ಆ ಧಾರೆಗೆ ಯೋಗಶಾಲೆ ಇರಲಿಲ್ಲ. ಮಠದ ಅಂಗಳವಿತ್ತು, ಭಜನೆಯ ಗುಡಿಯಿತ್ತು, ಏಕತಾರಿಯಿತ್ತು.

ಹುಬ್ಬಳ್ಳಿ-ಧಾರವಾಡ ಪರಿಸರವನ್ನು ಕೇಂದ್ರವಾಗಿರಿಸಿಕೊಂಡು ಈ ಧಾರೆಯ ಮೂರು ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅವು ಗ್ರಂಥದ ನೆಲೆ, ಮಠದ ನೆಲೆ ಮತ್ತು ಹಾಡಿನ ನೆಲೆ. ತತ್ವಪದಗಳನ್ನು ಇದುವರೆಗೆ ಭಕ್ತಿಸಾಹಿತ್ಯವೆಂದು, ಅನುಭಾವಕಾವ್ಯವೆಂದು, ಭಾವೈಕ್ಯದ ದಾಖಲೆಯೆಂದು ಅಧ್ಯಯನ ಮಾಡಲಾಗಿದೆ. ಅವು ಮನಸ್ಸನ್ನು ಪಳಗಿಸುವ ಒಂದು ಕ್ರಮಬದ್ಧ ಅಭ್ಯಾಸದ ಅಂಗಗಳೂ ಆಗಿದ್ದವು ಎಂಬ ಅಂಶಕ್ಕೆ ತಕ್ಕ ಗಮನ ದೊರೆತಿಲ್ಲ.

2. ಗ್ರಂಥದ ನೆಲೆ: ನಿಜಗುಣರ ಯೋಗಸ್ಥಲ

ಪತಂಜಲಿಯ ಯೋಗಸೂತ್ರಗಳು ಯೋಗವನ್ನು ಚಿತ್ತದ ವೃತ್ತಿಗಳ ನಿರೋಧವೆಂದು ನಿರ್ವಚಿಸುತ್ತವೆ. ಸುಮಾರು 195 ಸೂತ್ರಗಳ ಆ ಗ್ರಂಥದಲ್ಲಿ ಆಸನವನ್ನು ನೇರವಾಗಿ ವಿವರಿಸುವವು ಮೂರು ಮಾತ್ರ. ಉಳಿದ ವಿಸ್ತಾರವೆಲ್ಲ ಮನಸ್ಸಿನದು: ಅದರ ಐದು ಬಗೆಯ ವೃತ್ತಿಗಳು, ಅದನ್ನು ಕದಡುವ ಒಂಬತ್ತು ಅಂತರಾಯಗಳು, ಅದನ್ನು ತಿಳಿಗೊಳಿಸುವ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು, ಮತ್ತು ಎಲ್ಲಕ್ಕೂ ಆಧಾರವಾದ ಅಭ್ಯಾಸ-ವೈರಾಗ್ಯಗಳ ಜೋಡಿ. ಈ ಮನೋಪ್ರಧಾನ ಯೋಗವನ್ನು ಕನ್ನಡಕ್ಕೆ ತಂದು, ಹಾಡುವ ರೂಪಕ್ಕೆ ಇಳಿಸಿದವರಲ್ಲಿ ನಿಜಗುಣ ಶಿವಯೋಗಿಗಳು ಅಗ್ರಗಣ್ಯರು.

ನಿಜಗುಣರು ಹದಿನೈದನೆಯ ಶತಮಾನದ ಆಚೀಚೆ ಇಂದಿನ ಚಾಮರಾಜನಗರ ಜಿಲ್ಲೆಯ ಶಂಭುಲಿಂಗನ ಬೆಟ್ಟದ ಪರಿಸರದಲ್ಲಿ ಬಾಳಿದವರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ವಿವೇಕಚಿಂತಾಮಣಿ, ಪರಮಾನುಭವಬೋಧೆ, ಪರಮಾರ್ಥಗೀತೆ, ಅನುಭವಸಾರ ಮೊದಲಾದ ಅವರ ಕೃತಿಗಳಲ್ಲಿ ಕೈವಲ್ಯಪದ್ಧತಿಗೆ ಜನಬಳಕೆಯಲ್ಲಿ ವಿಶಿಷ್ಟ ಸ್ಥಾನವಿದೆ. ರಾಗ-ತಾಳಗಳಿಗೆ ಹೊಂದಿಸಿದ ಹಾಡುಗಳ ಈ ಕೃತಿಯ ರಚನಾವಿನ್ಯಾಸವೇ ಒಂದು ಶಿಕ್ಷಣಕ್ರಮವಾಗಿದೆ. ಶಿವಕಾರುಣ್ಯಸ್ಥಲ, ಜೀವಸಂಬೋಧನಸ್ಥಲ, ನೀತಿಕ್ರಿಯಾಚರ್ಯಾಪ್ರತಿಪಾದನಸ್ಥಲ, ಯೋಗಪ್ರತಿಪಾದನಸ್ಥಲ, ಜ್ಞಾನಪ್ರತಿಪಾದನಸ್ಥಲ ಎಂಬ ಐದು ಸ್ಥಲಗಳ ಅನುಕ್ರಮವನ್ನು ಗಮನಿಸಬೇಕು. ಮೊದಲು ದೈನ್ಯ, ಆಮೇಲೆ ಜೀವವನ್ನು ಕರೆದು ಮಾತಾಡಿಸುವುದು, ನಂತರ ನಡತೆಯ ತಿದ್ದುಪಡಿ, ಬಳಿಕ ಯೋಗ, ಕೊನೆಗೆ ಅರಿವು. ನಡತೆ ನೆಟ್ಟಗಾಗದೆ ಯೋಗವಿಲ್ಲ, ಮನಸ್ಸು ನೆಟ್ಟಗಾಗದೆ ಜ್ಞಾನವಿಲ್ಲ ಎಂಬ ತತ್ವವನ್ನು ಗ್ರಂಥದ ಜೋಡಣೆಯೇ ಹೇಳುತ್ತದೆ. ಯೋಗವು ಇಲ್ಲಿ ಗುರಿಯಲ್ಲ, ಅರಿವಿನ ಹೊಸ್ತಿಲು.

ರಾಜ್ಯದ ದಕ್ಷಿಣ ತುದಿಯಲ್ಲಿ ಹುಟ್ಟಿದ ಈ ಸಾಹಿತ್ಯ ಉತ್ತರದ ಮಠಗಳಲ್ಲಿ ನಿತ್ಯಪಠನದ ಶಾಸ್ತ್ರವಾಗಿ ನೆಲೆಗೊಂಡಿತು. ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿ, ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳ ಕೈವಲ್ಯದರ್ಪಣ ಇವು ಅದೇ ಜಾಡಿನಲ್ಲಿ ಬೆಳೆದ ಕೃತಿಗಳು. ಇವುಗಳ ಜೊತೆಗೆ ಮಹಲಿಂಗರಂಗನ ಅನುಭವಾಮೃತ, ಚಿದಾನಂದಾವಧೂತರ ಜ್ಞಾನಸಿಂಧು ಸೇರಿ, ಸಂಸ್ಕೃತದ ನೆರವಿಲ್ಲದೆಯೇ ವೇದಾಂತ ಮತ್ತು ಯೋಗಗಳನ್ನು ಕಲಿಯಬಲ್ಲ ಒಂದು ಪೂರ್ಣ ಕನ್ನಡ ಪಠ್ಯಕ್ರಮ ಸಿದ್ಧವಾಯಿತು. ಈ ಪಠ್ಯಕ್ರಮಕ್ಕೆ ಸರಕಾರಿ ಮನ್ನಣೆ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಕಿವಿಯುಳ್ಳವರೆಲ್ಲ ಅದರ ವಿದ್ಯಾರ್ಥಿಗಳಾಗಿದ್ದರು.

3. ಮಠದ ನೆಲೆ: ಹುಬ್ಬಳ್ಳಿಯ ಶಾಸ್ತ್ರಶ್ರವಣ

ಈ ಪಠ್ಯಕ್ರಮಕ್ಕೆ ಹುಬ್ಬಳ್ಳಿಯಲ್ಲಿ ದೊರೆತ ಬಹುದೊಡ್ಡ ಆಶ್ರಯ ಸಿದ್ಧಾರೂಢ ಮಠ. ಇಂದಿನ ಬೀದರ ಜಿಲ್ಲೆಯ ಚಳಕಾಪುರದಲ್ಲಿ 1836ರಲ್ಲಿ ಜನಿಸಿದ ಸಿದ್ಧಾರೂಢರು ಗಜದಂಡ ಸ್ವಾಮಿಗಳಲ್ಲಿ ಅಧ್ಯಯನ ಮಾಡಿ, ದೀರ್ಘ ಸಂಚಾರದ ನಂತರ 1870ರ ದಶಕದ ಉತ್ತರಾರ್ಧದಲ್ಲಿ ಹುಬ್ಬಳ್ಳಿಗೆ ಬಂದು, 1929ರಲ್ಲಿ ಸಮಾಧಿಸ್ಥರಾಗುವವರೆಗೆ ಅಲ್ಲಿಯೇ ನೆಲೆಸಿದರು. ಆರಂಭದ ದಿನಗಳಲ್ಲಿ ಊರವರು ಅವರನ್ನು ಹುಚ್ಚನೆಂದು ಕಾಡಿದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಮನಸ್ಸನ್ನು ಗೆದ್ದವನು ಲೋಕದ ಕಣ್ಣಿಗೆ ಮನಸ್ಸು ಕೆಟ್ಟವನಂತೆ ತೋರುವ ಈ ಪ್ರಸಂಗ ಅವಧೂತ ಚರಿತ್ರೆಗಳಲ್ಲೆಲ್ಲ ಮರಳಿ ಮರಳಿ ಬರುವ ಆಶಯ. ನವಲಗುಂದದ ನಾಗಲಿಂಗ ಸ್ವಾಮಿಗಳ ಕಥನಗಳಲ್ಲಿಯೂ ಇದರ ಛಾಯೆಗಳಿವೆ. ಜನಪದ ಸ್ಮೃತಿ ಸಿದ್ಧಾರೂಢ, ನಾಗಲಿಂಗ, ಗರಗದ ಮಡಿವಾಳಪ್ಪ, ಶಿಶುನಾಳ ಶರೀಫ ಈ ನಾಲ್ವರನ್ನೂ ಒಂದೇ ಬಳಗವಾಗಿ ಕಾಣುತ್ತದೆ.

ಅಂದಿನ ಹುಬ್ಬಳ್ಳಿಯ ಸ್ಥಿತಿಯನ್ನು ನೆನೆಯದೆ ಮಠದ ಬೆಳವಣಿಗೆ ಅರ್ಥವಾಗದು. 1876-78ರ ಭೀಕರ ಬರ, 1880ರ ದಶಕದಲ್ಲಿ ಬಂದ ರೈಲು, ಹತ್ತಿಯ ವ್ಯಾಪಾರದ ಏರಿಳಿತ, 1898ರ ಪ್ಲೇಗು ಹೀಗೆ ಎರಡೇ ದಶಕಗಳಲ್ಲಿ ಊರಿನ ಬದುಕು ಬುಡಮೇಲಾಯಿತು. ಹಳ್ಳಿ ಬಿಟ್ಟು ಬಂದ ಕೂಲಿಗಳು, ನೇಕಾರರು, ರೈಲ್ವೆ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಕೂಡಿದ ಹೊಸ ಪಟ್ಟಣದಲ್ಲಿ ಚಂಚಲತೆ, ಭಯ, ಆಸೆಗಳು ಗ್ರಂಥದ ಪದಗಳಾಗಿರಲಿಲ್ಲ; ದಿನದ ಅನುಭವವಾಗಿದ್ದವು. ಇಂಥವರ ನಡುವೆ ಸಿದ್ಧಾರೂಢರು ಪಂಚಾಕ್ಷರಿಯನ್ನು ಜಾತಿಭೇದವಿಲ್ಲದೆ ಬಹಿರಂಗವಾಗಿ ಬೋಧಿಸಿದರು. ನಿಜಗುಣರ ಶಾಸ್ತ್ರಗಳ ಶ್ರವಣವನ್ನು ಮಠದ ನಿತ್ಯಕರ್ಮವಾಗಿಸಿದರು.

ಶಾಸ್ತ್ರಶ್ರವಣದ ವಿಧಾನ ಸರಳವಾದುದು. ಒಬ್ಬರು ಪದ್ಯವನ್ನು ಓದುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸುತ್ತಾರೆ, ದೃಷ್ಟಾಂತ ಕೊಡುತ್ತಾರೆ, ಸಂದೇಹ ಬಂದರೆ ಪರಿಹರಿಸುತ್ತಾರೆ. ಇದರ ಹಿಂದೆ ಶ್ರವಣ, ಮನನ, ನಿದಿಧ್ಯಾಸನಗಳ ವೇದಾಂತಕ್ರಮವಿದೆ. ಕೇಳಿದ್ದನ್ನು ಮೆಲುಕು ಹಾಕಬೇಕು, ಮೆಲುಕು ಹಾಕಿದ್ದು ಮನಸ್ಸಿನ ಸ್ವಭಾವವೇ ಆಗುವಂತೆ ಅದರಲ್ಲಿ ನಿಲ್ಲಬೇಕು. ವೇದಾಂತವು ಸಾಧಕನಿಂದ ಬಯಸುವ ವಿವೇಕ, ವೈರಾಗ್ಯ, ಶಮಾದಿ ಷಟ್ಕ, ಮುಮುಕ್ಷುತ್ವ ಎಂಬ ಸಾಧನಚತುಷ್ಟಯದಲ್ಲಿ ಶಮವೆಂದರೆ ಮನಸ್ಸಿನ ಹಿಡಿತ, ದಮವೆಂದರೆ ಇಂದ್ರಿಯಗಳ ಹಿಡಿತ. ಪತಂಜಲಿಯ ಯೋಗ ಮತ್ತು ಶಂಕರರ ವೇದಾಂತ ದಾರ್ಶನಿಕರ ಚರ್ಚೆಯಲ್ಲಿ ಬೇರೆಬೇರೆಯಾದರೂ ಹುಬ್ಬಳ್ಳಿಯ ಶ್ರೋತೃವಿಗೆ ಅವು ಈ ಬಿಂದುವಿನಲ್ಲಿ ಒಂದಾಗಿ ಬರುತ್ತಿದ್ದವು.

ಈ ಅಂಗಳದ ಪ್ರಭಾವ ಕನ್ನಡ ನಾಡಿನ ಗಡಿಯವರೆಗೂ ಚಾಚಿತ್ತು. ಕಾಸರಗೋಡು ಸೀಮೆಯ ಹೊಸದುರ್ಗದಲ್ಲಿ ಜನಿಸಿ, 1922ರಲ್ಲಿ ಮನೆ ತೊರೆದು ದೇಶ ಸುತ್ತಿದ ಸ್ವಾಮಿ ರಾಮದಾಸರು ತಮ್ಮ ಸಂಚಾರದ ಕೊನೆಯ ಹಂತದಲ್ಲಿ ತಂಗಿದ್ದು ಇದೇ ಮಠದಲ್ಲಿ. ಇಲ್ಲಿಂದ ಮಂಗಳೂರಿಗೆ ತೆರಳಿದ ಅವರು ಕದರಿಯ ಗುಹೆಯಲ್ಲಿ ಧ್ಯಾನಕ್ಕೆ ಕುಳಿತರು. ಮುಂದೆ ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ಕಟ್ಟಿದರು. 'ಇನ್ ಕ್ವೆಸ್ಟ್ ಆಫ್ ಗಾಡ್' ಎಂಬ ಅವರ ಆತ್ಮಕಥನದಲ್ಲಿ ಹುಬ್ಬಳ್ಳಿಯ ದಿನಗಳ ನಿರೂಪಣೆಯಿದೆ. ಮಠದ ಜೀವನಕ್ಕೆ ಭಕ್ತರು ಬರೆದ ಪುರಾಣಗಳ ಹೊರಗೆ ದೊರೆಯುವ ಸಮಕಾಲೀನ ಸಾಕ್ಷ್ಯವೆಂಬ ಕಾರಣಕ್ಕೆ ಅದು ಸಂಶೋಧಕರಿಗೆ ಬೆಲೆಯುಳ್ಳದ್ದು.

4. ಹಾಡಿನ ನೆಲೆ: ಶರೀಫರ ಮಾಳಿಗೆ ಮತ್ತು ಗಿರಣಿ

ಮಠಕ್ಕೆ ಬರಲಾರದವರ ಬಳಿಗೆ ಶಾಸ್ತ್ರವನ್ನು ಕೊಂಡೊಯ್ದದ್ದು ಪದ. ಶಿಶುನಾಳ ಶರೀಫರು (1819-1889) ಇಂದಿನ ಹಾವೇರಿ ಜಿಲ್ಲೆಯ, 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ, ಶಿಗ್ಗಾವಿ ತಾಲ್ಲೂಕಿನವರು. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕೆಲಕಾಲ ಶಾಲಾ ಶಿಕ್ಷಕರಾಗಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಅವರ ಜೀವನ ಸುಪರಿಚಿತ. ಇಲ್ಲಿ ಪ್ರಸ್ತುತವಾದುದು ಅವರು ಯೋಗದ ಪರಿಭಾಷೆಗೆ ಮಾಡಿದ ರೂಪಾಂತರ.

ಸೋರುವ ಮಾಳಿಗೆಯ ಪದವನ್ನು ಉದಾಹರಣೆಯಾಗಿ ನೋಡಬಹುದು. ಧಾರವಾಡ ಸೀಮೆಯ ಹಳೆಯ ಮನೆಗಳ ಮಾಳಿಗೆ ಮಣ್ಣಿನದು. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಅದರ ಮೇಲೆ ಹೊಸ ಮಣ್ಣು ಹರವಿ ಗಟ್ಟಿಸದಿದ್ದರೆ ಸೋರುವುದು ನಿಶ್ಚಿತ. ಒಮ್ಮೆ ಕಟ್ಟಿ ಮುಗಿಯಿತೆಂದು ಸುಮ್ಮನಿರುವಂತಿಲ್ಲ. ಅಜ್ಞಾನದಿಂದ ಸೋರುವ ಮನೆಯ ಈ ಚಿತ್ರವನ್ನು ಕೇಳಿದ ರೈತನಿಗೆ ಅಭ್ಯಾಸವೆಂಬ ಯೋಗಪದದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ. ಮನಸ್ಸೆಂಬ ಮಾಳಿಗೆಗೂ ವರ್ಷವರ್ಷದ, ದಿನದಿನದ ದುರಸ್ತಿ ಬೇಕು. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿನೆಲೆಯಾಗುತ್ತದೆಂಬ ಪತಂಜಲಿಯ ವಿಚಾರ ಇಲ್ಲಿ ಮಣ್ಣಿನ ಅನುಭವವಾಗಿ ಬಂದಿದೆ.

ಶ್ರುತಿ ಮಾಡಲರಿಯದವನು ತಂಬೂರಿ ಹಿಡಿಯಬಾರದೆಂಬ ಎಚ್ಚರಿಕೆಯ ಪದದಲ್ಲಿ ದೇಹವೇ ವಾದ್ಯ, ನಾಡಿಗಳೇ ತಂತಿ. ಹುಬ್ಬಳ್ಳಿ ಸೀಮೆಗೆ ಹೊಸದಾಗಿ ಬಂದ ಗಿರಣಿಯನ್ನು ಕಂಡು ಹಾಡಿದ ಪದದಲ್ಲಿ ಯಂತ್ರದ ಅಂಗಾಂಗಗಳು ದೇಹದ ತತ್ವಗಳಾಗುತ್ತವೆ. ಹಳೆಯ ಷಟ್ಚಕ್ರ, ಇಡಾ-ಪಿಂಗಳಾ-ಸುಷುಮ್ನಾಗಳ ನಕಾಶೆಯ ಮೇಲೆ ಹೊಸ ಯಂತ್ರಯುಗದ ನಕಾಶೆಯನ್ನು ಇರಿಸಿದ ಈ ಕಲ್ಪನೆ, ಗಿರಣಿಯ ಸದ್ದಿನಲ್ಲಿ ದಿನ ಕಳೆಯುವ ಕಾರ್ಮಿಕನಿಗೂ ಯೋಗವನ್ನು ಅವನ ಕೆಲಸದ ಭಾಷೆಯಲ್ಲಿಯೇ ಮುಟ್ಟಿಸಬಲ್ಲುದಾಗಿತ್ತು.

5. ಪಳಗಿಸುವ ಕ್ರಮ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹತೋಟಿ ತಪ್ಪಿದ ಮನಸ್ಸು ಮರ್ಕಟ, ಕುದುರೆ ಅಥವಾ ಕಂಡವರ ಹೊಲಕ್ಕೆ ನುಗ್ಗುವ ತುಡುಗು ದನ. ವೇದಾಂತಗ್ರಂಥಗಳಲ್ಲಿ ಮನೋನಾಶದ ಮಾತು ಬರುತ್ತದೆ. ಆಡುಮಾತಿನ ಕ್ರಿಯಾಪದ ಮಾತ್ರ 'ಪಳಗಿಸು'. ಹೋರಿಯನ್ನು ಕೊಂದರೆ ಉಳುವವರಾರು? ಮೂಗುದಾರ ಹಾಕಿ, ನೊಗದ ರೂಢಿ ಮಾಡಿಸಿ, ಸಲಹಿ, ಅದರಿಂದಲೇ ಹೊಲ ಉಳಬೇಕು. ಸಂಸಾರ ಬಿಡಲಾರದ ಒಕ್ಕಲಿಗನ ಯೋಗಕ್ಕೆ ಈ ಕ್ರಿಯಾಪದವೇ ಸರಿಯಾದ ವ್ಯಾಖ್ಯಾನ. ಭಜನೆಯ ಆಚರಣೆಯಲ್ಲಿ ಈ ಪಳಗಿಸುವಿಕೆಯ ನಾಲ್ಕು ಸಾಧನಗಳನ್ನು ಗುರುತಿಸಬಹುದು.

ಮೊದಲನೆಯದು ಆವರ್ತನ. ಪಲ್ಲವಿಯನ್ನು ಮುಮ್ಮೇಳ ಹಾಡಿದಂತೆ ಹಿಮ್ಮೇಳ ಮರುಹಾಡುತ್ತದೆ. ಚದುರಿದ ಮನಸ್ಸು ಒಂದೇ ನುಡಿಗೆ ಹತ್ತಾರು ಬಾರಿ ಮರಳಬೇಕಾಗುತ್ತದೆ. ಏಕತಾರಿಯ ಒಂದೇ ಸ್ವರ, ತಾಳದ ಒಂದೇ ನಡೆ ಈ ಮರಳುವಿಕೆಗೆ ಆಸರೆ. ಧ್ಯಾನಾಭ್ಯಾಸದಲ್ಲಿ ಧಾರಣೆಯೆನ್ನುವುದು ಇದನ್ನೇ.

ಎರಡನೆಯದು ಒಗಟು. ಕೋಳಿ ಕೋಡಗವನ್ನು ನುಂಗುವಂಥ ತಲೆಕೆಳಗಾದ ಚಿತ್ರಗಳ ಪದಗಳು ವಚನಕಾರರ ಬೆಡಗು, ಮುಂಡಿಗೆಗಳ ವಂಶದವು. ಇಂಥ ಪದ ಕೇಳಿದಾಗ ಮನಸ್ಸಿನ ರೂಢಿಯ ಓಟ ನಿಲ್ಲುತ್ತದೆ. ಅರ್ಥ ಬಿಡಿಸಿರೆಂದು ಒಂದು ಮೇಳ ಇನ್ನೊಂದಕ್ಕೆ ಸವಾಲೆಸೆಯುವ ಪದ್ಧತಿ ಆ ನಿಲುಗಡೆಯನ್ನು ವಿಚಾರವಾಗಿ ಪರಿವರ್ತಿಸುತ್ತದೆ.

ಮೂರನೆಯದು ಎಣಿಕೆ. ಐದು ಭೂತ, ಆರು ನೆಲೆ, ಒಂಬತ್ತು ಬಾಗಿಲು, ದಿನಕ್ಕೆ 21,600 ಉಸಿರು ಎಂಬ ಯೋಗಶಾಸ್ತ್ರದ ಸಂಖ್ಯೆಗಳು ಪದಗಳಲ್ಲಿ ಸಂಕೇತಗಳಾಗಿ ತುಂಬಿವೆ. ಅಕ್ಷರ ತಿಳಿಯದವರಿಗೆ ಇವು ನೆನಪಿನ ಗಂಟುಗಳು. ನಿಮಿಷಕ್ಕೆ 15ರಂತೆ ಬರುವ ಉಸಿರಿನ ಲೆಕ್ಕವನ್ನು ಹಾಡುವವನು ತನ್ನ ಉಸಿರಿನ ಮೇಲೆ ಒಂದಿಷ್ಟಾದರೂ ಗಮನವಿಡುವುದು ಸಹಜ.

ನಾಲ್ಕನೆಯದು ಸಂಗ. ರಾತ್ರಿಯಿಡೀ ನಡೆಯುವ ಭಜನೆ ಸ್ತುತಿಯಿಂದ ತೊಡಗಿ, ಬೋಧೆಯ ಪದಗಳನ್ನು ದಾಟಿ, ಮಧ್ಯರಾತ್ರಿಯ ತತ್ವದ ಪದಗಳನ್ನು ಮುಟ್ಟಿ, ಬೆಳಗಿನ ಮಂಗಳಕ್ಕೆ ಬರುತ್ತದೆ. ಕೈವಲ್ಯಪದ್ಧತಿಯ ಸ್ಥಲಗಳ ಅನುಕ್ರಮಕ್ಕೂ ಈ ರಾತ್ರಿಯ ಅನುಕ್ರಮಕ್ಕೂ ಇರುವ ಹೋಲಿಕೆ ಗಮನಾರ್ಹ. ಒಬ್ಬನೇ ಕುಳಿತರೆ ತೂಕಡಿಸುವ ಮನಸ್ಸು ಮೇಳದಲ್ಲಿ ಎಚ್ಚರವಾಗಿರುತ್ತದೆ. ಏಕಾಂತದ ಯೋಗವನ್ನು ಲೋಕಾಂತದ ಯೋಗವನ್ನಾಗಿಸಿದ್ದು ಈ ಪರಂಪರೆಯ ಸ್ವಂತ ಕೊಡುಗೆ.

6. ಕೆಲವು ಪ್ರಶ್ನೆಗಳು

ಈ ಪರಂಪರೆಯನ್ನು ಕೇವಲ ಮೆಚ್ಚುಗೆಯಿಂದ ನೋಡಿದರೆ ಸಾಲದು. ಹಸಿದವನಿಗೆ ಮನಸ್ಸನ್ನು ಗೆಲ್ಲು ಎನ್ನುವುದು ಅವನ ಹಸಿವಿಗೆ ಕಾರಣರಾದವರನ್ನು ಮರೆಸುವುದಿಲ್ಲವೇ ಎಂಬ ಆಕ್ಷೇಪಕ್ಕೆ ನೆಲೆಯಿದೆ. ಬರ, ಪ್ಲೇಗು, ಗಿರಣಿಯ ದುಡಿತಗಳ ನಡುವೆ ವೈರಾಗ್ಯದ ಬೋಧೆ ಸಹನೆಯನ್ನು ಕಲಿಸಿದಂತೆಯೇ ಶರಣಾಗತಿಯನ್ನೂ ಕಲಿಸಿರಬಹುದು. ಆದರೆ ಇನ್ನೊಂದು ಮುಖವೂ ಇದೆ. ಶಾಸ್ತ್ರ ಕೇಳುವ ಅಧಿಕಾರವೇ ಹುಟ್ಟಿನಿಂದ ನಿರ್ಧಾರವಾಗುತ್ತಿದ್ದ ಸಮಾಜದಲ್ಲಿ, ಎಲ್ಲರ ಮನಸ್ಸೂ ಒಂದೇ ಬಗೆಯಲ್ಲಿ ಚಂಚಲ, ಎಲ್ಲರ ಮನಸ್ಸೂ ಒಂದೇ ಬಗೆಯಲ್ಲಿ ಪಳಗಬಲ್ಲುದು ಎಂಬ ಪ್ರತಿಜ್ಞೆ ಸಮಾನತೆಯ ಪ್ರತಿಜ್ಞೆಯೂ ಆಗಿತ್ತು. ಬ್ರಾಹ್ಮಣ ಗುರುವಿನ ಮುಸ್ಲಿಂ ಶಿಷ್ಯನ ಪದವನ್ನು ಲಿಂಗಾಯತ ರೈತ ಹಾಡಿದ್ದು ಈ ಪ್ರತಿಜ್ಞೆಯ ಬಲದಿಂದಲೇ.

ಸ್ತ್ರೀಪ್ರತಿಮೆಗಳ ಪ್ರಶ್ನೆಯೂ ಅಷ್ಟೇ ಮುಖ್ಯ. ತತ್ವಪದಗಳಲ್ಲಿ ಮಾಯೆ, ಆಸೆ, ಚಂಚಲ ಮನಸ್ಸುಗಳು ಅನೇಕ ವೇಳೆ ಹೆಣ್ಣಿನ ರೂಪ ತಾಳುತ್ತವೆ. ಇದೇ ಪ್ರದೇಶದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ನಾಗೇಶಿಯ ಪಕ್ಷ ಶಕ್ತಿಯ ಹಿರಿಮೆಯನ್ನು ಎತ್ತಿ ಹಿಡಿದು ವಾದಿಸುತ್ತದೆ. ಪಳಗಬೇಕಾದ ಮನಸ್ಸು ಹೆಣ್ಣೆಂದು ಒಂದು ಹಾಡು ಹೇಳಿದರೆ, ಪಳಗಿಸುವ ಶಕ್ತಿಯೇ ಹೆಣ್ಣೆಂದು ಇನ್ನೊಂದು ಹಾಡು ಉತ್ತರಿಸಬಲ್ಲುದು. ಈ ಎರಡನ್ನೂ ಎದುರುಬದುರಾಗಿರಿಸಿ ಓದುವ ಕೆಲಸಕ್ಕೆ ವಿಪುಲ ಅವಕಾಶವಿದೆ.

7. ಆಧುನಿಕ ತಿರುವು

ಮೈಸೂರಿನ ಧಾರೆ ಮತ್ತು ಹುಬ್ಬಳ್ಳಿಯ ಧಾರೆ ಪರಸ್ಪರ ಮುಟ್ಟದೆ ಇರಲಿಲ್ಲ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಪ್ರಾತ್ಯಕ್ಷಿಕೆಗಳ ಪ್ರವಾಸ ಕೈಗೊಂಡಾಗ ಧಾರವಾಡದ ಕೆಲವು ಮಹಿಳೆಯರು ಯೋಗ ಕಲಿಯಬಯಸಿದರು. ಶಿಷ್ಯರಲ್ಲಿ ಅತಿ ಕಿರಿಯರೆಂಬ ಕಾರಣಕ್ಕೆ ಆ ಹೊಣೆ ಹದಿಹರೆಯದ ಅಯ್ಯಂಗಾರ್ ಅವರ ಪಾಲಿಗೆ ಬಂತು. ಮುಂದಿನ ವರ್ಷವೇ ಪುಣೆಗೆ ತೆರಳಿ ಜಗತ್ಪ್ರಸಿದ್ಧರಾದ ಯೋಗಶಿಕ್ಷಕರೊಬ್ಬರ ಬೋಧನಾವೃತ್ತಿಯ ಆರಂಭದಲ್ಲಿ ಧಾರವಾಡದ ಮಹಿಳೆಯರಿದ್ದಾರೆಂಬುದು ಸ್ಥಳೀಯ ಚರಿತ್ರೆಯಲ್ಲಿ ಹೆಚ್ಚು ದಾಖಲಾಗದ ಸಂಗತಿ.

ಇನ್ನೊಂದೆಡೆ ವಿದ್ವತ್ ವಲಯವೂ ಮನೋಯೋಗದತ್ತ ಹೊರಳಿತು. ಜಮಖಂಡಿಯಲ್ಲಿ ಜನಿಸಿದ, ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು (1886-1957) ಇಂಚಗೇರಿ ಸಂಪ್ರದಾಯದ ನಾಮಧ್ಯಾನದ ನೇಮವನ್ನು ಬದುಕಿನುದ್ದಕ್ಕೂ ಪಾಲಿಸಿದ ತತ್ವಜ್ಞಾನಿ. ಕನ್ನಡ ಸಾಹಿತ್ಯದ ಪರಮಾರ್ಥಪಥವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥದಿಂದ ಕನ್ನಡ ಅನುಭಾವಿಗಳು ತತ್ವಶಾಸ್ತ್ರದ ಅಭ್ಯಾಸಿಗಳ ಮುಂದೆ ಬಂದರು. ಧಾರವಾಡದ ತಪೋವನದ ಕುಮಾರಸ್ವಾಮಿಗಳು ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಶಿವಯೋಗವನ್ನು ಆಧುನಿಕ ಓದುಗರಿಗೆ ವಿವರಿಸಿದರು.

ಶರೀಫರ ಪದಗಳಾದರೋ ಧ್ವನಿಸುರುಳಿಗಳ ಮೂಲಕ, ಸಿ. ಅಶ್ವಥ್ ಅವರ ಗಾಯನದ ಮೂಲಕ, 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ಚಲನಚಿತ್ರದ ಮೂಲಕ ನಾಡಿನ ಮನೆಮನೆಯನ್ನು ತಲುಪಿದವು. ಈ ಪ್ರಸಾರ ದೊಡ್ಡದು. ಅದರ ಬೆಲೆಯೂ ದೊಡ್ಡದು. ವೇದಿಕೆಯಲ್ಲಿ ಪದ ಐದು ನಿಮಿಷದಲ್ಲಿ ಮುಗಿಯುತ್ತದೆ. ಅರ್ಥ ಕೇಳುವವರಿಲ್ಲ, ಸವಾಲಿಗೆ ಸವಾಲಿಲ್ಲ, ರಾತ್ರಿಯ ಅನುಕ್ರಮವಿಲ್ಲ. ಹಾಡು ಉಳಿಯಿತು, ಅದು ಅಂಗವಾಗಿದ್ದ ಅಭ್ಯಾಸ ಸಡಿಲಗೊಂಡಿತು. ವಿಶ್ವಸಂಸ್ಥೆಯ ಘೋಷಣೆಯಂತೆ 2015ರಿಂದ ಜೂನ್ 21ರಂದು ಆಚರಿಸಲಾಗುತ್ತಿರುವ ಅಂತರರಾಷ್ಟ್ರೀಯ ಯೋಗದಿನದ ಮೈದಾನಗಳಲ್ಲಿ ಆಸನಗಳದೇ ಪ್ರಾಧಾನ್ಯ. 2020ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣ ಸಿದ್ಧಾರೂಢರ ಹೆಸರನ್ನು ಪಡೆಯಿತು. 2023ರಲ್ಲಿ ಅಲ್ಲಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂದು ಉದ್ಘಾಟನೆಗೊಂಡಿತು. ಹೆಸರು ಹೀಗೆ ದೂರ ಹೋದ ಕಾಲದಲ್ಲಿಯೇ, ಆ ಹೆಸರಿನ ಹಿಂದಿದ್ದ ಶ್ರವಣದ ಶಿಸ್ತನ್ನು ದಾಖಲಿಸುವ ಅಗತ್ಯ ಹೆಚ್ಚಾಗಿದೆ.

8. ಸಮಾರೋಪ

ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಯೋಗವು ನಿಜಗುಣರ ಗ್ರಂಥದಲ್ಲಿ ಕ್ರಮವಾಗಿ, ಸಿದ್ಧಾರೂಢರ ಮಠದಲ್ಲಿ ಶ್ರವಣವಾಗಿ, ಶರೀಫರ ಪದದಲ್ಲಿ ಬದುಕಿನ ಭಾಷೆಯಾಗಿ ಹರಿದಿದೆ. ಮೂರೂ ನೆಲೆಗಳಲ್ಲಿ ಗುರಿ ಒಂದೇ: ಮನಸ್ಸನ್ನು ಕೊಲ್ಲದೆ, ಅದಕ್ಕೆ ಸೋಲದೆ, ಅದನ್ನು ಪಳಗಿಸಿ ಬಾಳುವುದು.

ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳ ಸಂಪುಟಗಳನ್ನು ಹೊರತಂದಿರುವುದರಿಂದ ಪಠ್ಯದ ಕೊರತೆ ಬಹುಮಟ್ಟಿಗೆ ನೀಗಿದೆ. ಇನ್ನು ಆಗಬೇಕಾದುದು ಪ್ರಯೋಗದ ದಾಖಲಾತಿ. ಯಾವ ಪದವನ್ನು ರಾತ್ರಿಯ ಯಾವ ಹೊತ್ತಿನಲ್ಲಿ ಹಾಡುತ್ತಾರೆ, ಯಾವ ಪದದ ಬಳಿಕ ಯಾವ ಪದ ಬರುತ್ತದೆ, ಅರ್ಥ ಹೇಳುವವರು ಏನೆಂದು ಹೇಳುತ್ತಾರೆ, ಕೇಳುವವರು ಏನು ಕೇಳುತ್ತಾರೆ ಎಂಬುದನ್ನು ಹಿರಿಯ ಹಾಡುಗಾರರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಪದವನ್ನು ಪುಸ್ತಕ ಕಾಪಾಡಬಲ್ಲುದು. ಪದದ ನಂತರದ ಮೌನವನ್ನು, ಆ ಮೌನದಲ್ಲಿ ಎದ್ದ ಪ್ರಶ್ನೆಯನ್ನು ಕಾಪಾಡಬೇಕಾದವರು ಕ್ಷೇತ್ರಕಾರ್ಯಕರ್ತರು. ಮಣ್ಣಿನ ಮಾಳಿಗೆಯಂತೆ ಪರಂಪರೆಯೂ ಪ್ರತಿವರ್ಷದ ಆರೈಕೆಯನ್ನು ಬೇಡುತ್ತದೆ.